ತಲೆ ಆಡಿಸುವ ನಾಲ್ಕನೇ ಲೈಟು

ನಾಲ್ಕನೆಯದು ಮತ್ತೆ ತಲೆ ಆಡಿಸಿತು, ಹೌದು ಹೌದು ಎನ್ನುವ ಹಾಗೆ, ಸಾಹೇಬರ ಮುಂದೆ ನಿಂತ ಗುಮಾಸ್ತನ ಹಾಗೆ, ಯಾರೂ ಏನೂ ಕೇಳದಿದ್ದರೂ ಹೌದು — ಅರ್ಜುಮಂದ ಲೈಟು ನಡೆಸುವ ಬೋರ್ಡಿನ ಮೇಲಿಂದ ಬೆರಳು ತೆಗೆದಳು, ತೆಗೆದರೂ ಅದು ಆಡಿಸುತ್ತಲೇ ಇತ್ತು, ಅದರಾಚೆಯ ಐದನೆಯದು ನಡುಗುತ್ತಿದೆ, ಆರನೆಯದು ಗೋಡೆಗೆ ಮುಖ ತಿರುವಿ ನಿಂತಿದೆ, ಮೊದಲ ಮೂರು ಮಾತ್ರ ಹೇಳಿದಷ್ಟು ಕೇಳಿಕೊಂಡಿವೆ, ಗಂಟೆ ಮೂರೂವರೆ, ನಾಟಕ ಆರಕ್ಕೆ. ಯಾದಗಿರಿಯ ಈ ರಂಗಮಂದಿರಕ್ಕೆ ತಿರುಗುವ ಲೈಟುಗಳು ಬಂದು ಎರಡು ತಿಂಗಳು, ತಂದವರು ರಿಬ್ಬನ್ ಕತ್ತರಿಸಿದರು, ಫೋಟೊ ತೆಗೆಸಿಕೊಂಡರು, ಚೀನೀ ಅಕ್ಷರದ ಒಂದು ಪುಸ್ತಕ ಅವಳ ಕೈಗಿಟ್ಟು ಜೀಪು ಹತ್ತಿದರು, ಇನ್ನು ನಿನ್ನ ಹಣೆಬರಹ, ಮತ್ತೆ ಅವರೇ ಮುಂದಿನ ಸಾಲಿನಲ್ಲಿ ಕೂತು ಆಕಳಿಸುತ್ತಾರೆ. ಏನಾತ್ರಿ ಮೇಡಂ, ರಂಗದ ಮೇಲಿನಿಂದ ಶಿವಶರಣ ಕೂಗಿದ, ನಿರ್ದೇಶಕ, ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುವವನು, ನೋಡ್ರಿ ಆ ಬಾವಿ ಸೀನಿನ್ಯಾಗ ಬೆಳಕು ಅಳಬೇಕು, ತಿಳೀತಿಲ್ಲೋ, ಅಳಬೇಕು. ಬೆಳಕು ಅಳಬೇಕಂತೆ. ಸ್ವಿಚ್ಚು ಯಾವ ಕಡೆ ಒತ್ತಿದರೆ ಫ್ಯಾನು ತಿರುಗುತ್ತದೆಂದು ಗೊತ್ತಿಲ್ಲದವನಿಗೆ ಅಳುವ ಬೆಳಕು ಬೇಕು. ಇದೇ ಮನುಷ್ಯ ಮೊದಲ ದಿನ ಕೋಣೆಯೊಳಗೆ ಇಣುಕಿ, ಗಂಡಸರು ಯಾರಾರ ಅದಾರೇನ್ರಿ ಬೋರ್ಡ್ ನೋಡಾಕ ಅಂದಿದ್ದ, ಅದಾರ್ರಿ, ವಾಚ್‌ಮನ್ ಅದಾನ, ಕರೀಲೇನು ಅಂದಿದ್ದಳು ಅವಳು, ಆಮೇಲಿಂದ ಮೇಡಂ, ಮಾತು ಮಾತಿಗೆ ಮೇಡಂ, ಆ ಮೇಡಂನಲ್ಲೂ ಒಂದು ಮುಳ್ಳು.

ಆರಿಸಿ ಹಚ್ಚಿದಳು, ಆರೂ ಲೈಟುಗಳು ಗರ್ರೆಂದು ಒಂದು ಸುತ್ತು ಸುತ್ತಿ ನಿಂತವು, ಮೂರು ಉಸಿರೆಳೆಯುವಷ್ಟು ಹೊತ್ತು ಸುಮ್ಮನಿದ್ದವು, ನಾಲ್ಕನೆಯದು ಹೌದು ಅಂದಿತು. ಬೋರ್ಡೇ ಕೆಟ್ಟಿದೆಯೋ ಎಂದು ಹಳೆಯ ಬೋರ್ಡು ತಂದು ಸಿಕ್ಕಿಸಿದಳು, ಅದಕ್ಕೂ ಹೌದು. ಏಣಿ ಹತ್ತಿದಳು — ಪ್ರತಿ ಲೈಟಿಗೂ ಒಂದು ನಂಬರು, ಅದರ ಬುಡದ ಪುಟ್ಟ ಪರದೆಯಲ್ಲಿ ಕಾಣುತ್ತದೆ, ಎರಡಕ್ಕೆ ಒಂದೇ ನಂಬರಾದರೆ ಒಂದನ್ನು ಕರೆದಾಗ ಎರಡೂ ಓಡಿಬರುತ್ತವೆ, ಆದರೆ ನಂಬರು ಬೇರೆ ಬೇರೆಯೇ ಇತ್ತು, ಅವಳು ಕೊಟ್ಟ ನಂಬರು, ತಪ್ಪುವುದು ಹೇಗೆ, ಅವಳು ಮಾಡಿದ್ದು ತಪ್ಪುವುದಿಲ್ಲ, ತಪ್ಪುವುದು ಇವರದು, ಮುಟ್ಟುವವರದು, ಕಣ್ಣು ಬಿಟ್ಟು ನಿಲ್ಲುವವರದು. ಕೆಳಗೆ ಕಲಾವಿದರು ಅರ್ಧ ಬಣ್ಣದ ಮುಖ ಎತ್ತಿ ನೋಡುತ್ತಿದ್ದರು, ನಾಕನೇದನ್ನ ಯಾರು ಮುಟ್ಟೀರಿ ಅಂತ ಶಿವಶರಣ ಕೇಳಿದ್ದು ಆಗಲೇ, ನೀಲಕಂಠ ಕಾಕಾ ಮುಂಜಾನಿ ಮುಟ್ಟ್ಯಾನ್ರಿ ಅಂತ ಯಾರೋ ಅಂದದ್ದು. ನೀಲಕಂಠ, ಸುರಪುರದ ಮುದುಕ, ಕಂಪನಿ ನಾಟಕದ ಕಾಲದಲ್ಲಿ ಮಡಕೆಯ ಉಪ್ಪುನೀರಿನಲ್ಲಿ ತಗಡು ಇಳಿಸಿ ಏರಿಸಿ ಬೆಳಕು ಹೆಚ್ಚುಕಡಿಮೆ ಮಾಡುತ್ತಿದ್ದವನು, ಈ ತಂಡದ ಪರದೆ ಎಳೆಯಲಿಕ್ಕೆ ಇವತ್ತಿಗೂ ಬರುವವನು. ಬೆಳಿಗ್ಗೆ ಅವಳು ಲೈಟು ಕಟ್ಟುವಾಗ ಹತ್ತಿರ ನಿಂತು ವೈರನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿದ್ದ, ತಂಗಿ, ಇದು ಮೆತ್ತಗದ, ಇದು ಮೈಕಿನ ವೈರವ್ವ, ಲೈಟಿಂದು ಹಿಂಗ ಬಳಕಂಗಿಲ್ಲ. ಕಾಕಾ, ಇದು ನಿಮ್ಮ ಉಪ್ಪಿನ ಗಡಿಗಿ ಅಲ್ರಿ, ಅಂದಿದ್ದಳು. ಎಲ್ಲರೂ ನಕ್ಕರು, ಶಿವಶರಣನೂ ನಕ್ಕ, ಆ ನಗು ಅವಳಿಗೆ ಹಿತವಾಗಿತ್ತು, ಇವರೆಲ್ಲ ಒಮ್ಮೆಯಾದರೂ ತನ್ನ ಕಡೆ ನಿಂತು ನಕ್ಕರಲ್ಲ, ಮೈಕಿನದಕ್ಕೂ ಲೈಟಿನದಕ್ಕೂ ತುದಿಯಲ್ಲಿ ಅದೇ ಮೂರು ಮುಳ್ಳಿನ ಪಿನ್ನು, ಬೆಳಿಗ್ಗೆ ಹಚ್ಚಿದಾಗ ಎಲ್ಲ ಸರಿಯಾಗಿಯೇ ತಿರುಗಿದವು, ಹೆಬ್ಬೆರಳಿನಿಂದ ವೈರು ಓದುತ್ತಾನಂತೆ ಮುದುಕ. ಈಗ ಶಿವಶರಣ ಅದೇ ಮುದುಕನಿಗೆ, ಹದಿನೈದು ಮಂದಿಯ ಎದುರು, ನಿಮ್ಮ ಕಾಲ ಮುಗದದ, ಕೈ ಸುಮ್ಮನಿರಂಗಿಲ್ಲ ನಿಮ್ಮದು, ಇನ್ನ ಮ್ಯಾಲ ಬರಬ್ಯಾಡ್ರಿ — ಮುದುಕ ಏಣಿಯ ಮೇಲಿದ್ದ ಅವಳ ಕಡೆ ಒಮ್ಮೆ ನೋಡಿದ, ಅವಳು ನಂಬರು ಓದುತ್ತಿದ್ದಳು, ಓದಿದ್ದನ್ನೇ ಎರಡನೆಯ ಸಲ ಓದಿದಳು, ಕೆಳಗೆ ನೋಡುವ ಹೊತ್ತಿಗೆ ಬಾಗಿಲ ಪರದೆ ಅಲ್ಲಾಡುತ್ತಿತ್ತು.

ಬೋರ್ಡು ಅಲ್ಲ, ನಂಬರು ಅಲ್ಲ, ಮೂರರ ತನಕ ಸರಿ, ಮೂರರಾಚೆಗೆ ಹುಚ್ಚು, ಇನ್ನೇನು ಉಳಿಯಿತು, ಮೂರಕ್ಕೂ ನಾಲ್ಕಕ್ಕೂ ನಡುವೆ ಜೋತಾಡುವ ಎರಡು ಮೊಳ ವೈರು. ಮುದುಕ ಹೇಳಿದನೆಂದಲ್ಲ, ಲೆಕ್ಕಪ್ರಕಾರ ನೋಡುತ್ತಿದ್ದೇನೆ ಅಂದುಕೊಂಡಳು, ಪೆಟ್ಟಿಗೆಯಿಂದ ಬೇರೆ ವೈರು ತಂದಳು, ಬಿರುಸಾಗಿತ್ತು ಅದು, ಬಳಕಲಿಲ್ಲ, ಹಳೆಯದನ್ನು ಕಿತ್ತು ಅದನ್ನು ಸಿಕ್ಕಿಸಿದಳು. ನಾಲ್ಕನೆಯದು ನಿಂತಿತು. ಐದನೆಯದರ ನಡುಕ ಹೋಯಿತು, ಆರನೆಯದು ಗೋಡೆ ಬಿಟ್ಟು ನಿಧಾನಕ್ಕೆ ಈ ಕಡೆ ತಿರುಗಿತು. ಕಿತ್ತ ವೈರು ಅವಳ ಮೊಣಕೈಗೆ ಸುತ್ತಿಕೊಂಡಿತ್ತು, ಅದರ ತುದಿಗೆ ಬಿಳಿ ಪಟ್ಟಿ, ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವಂಥದು, ಪಟ್ಟಿಯ ಮೇಲೆ ನೀಲಿ ಶಾಯಿಯಲ್ಲಿ ಲೈಟ್, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದದ್ದು. ಹಾಗೆ ಬಾಲ ಎಳೆಯುವವರು ಈ ರಂಗಮಂದಿರದಲ್ಲಿ ಒಬ್ಬರೇ. ಹೋದ ತಿಂಗಳು ಸ್ಟೋರಿನಲ್ಲಿ ಮೈಕಿನ ವೈರು, ಲೈಟಿನ ವೈರು ಬೇರೆ ಮಾಡಿ ಪಟ್ಟಿ ಅಂಟಿಸುವಾಗ ಫೋನು ಕಿವಿಗೆ ಸಿಕ್ಕಿಸಿಕೊಂಡಿದ್ದಳು, ಆಚೆ ಅಮ್ಮಿ, ಕಾಯ್ಕು ಇತ್ತಾ ಗುಸ್ಸಾ ಬೇಟಿ, ಯಾಕಿಷ್ಟು ಸಿಟ್ಟು ಎಂದು ಕೇಳುತ್ತಿದ್ದರೆ ಇವಳು ಯಾರನ್ನೋ ಬಯ್ಯುತ್ತಿದ್ದಳು, ತಲೆ ಇಲ್ಲದ ಮಂದಿ, ಒಂದು ಕೆಲಸ ನೆಟ್ಟಗೆ ಬರದ ಮಂದಿ, ಬಯ್ಯುತ್ತ ಬರೆದಳು, ಬಯ್ಯುತ್ತ ಅಂಟಿಸಿದಳು. ಶಾಬಾಸ್ ಮೇಡಂ, ಏನಾಗಿತ್ರಿ, ಕೆಳಗೆ ಶಿವಶರಣ. ವೈರ್ ಖರಾಬ್ ಆಗಿತ್ರಿ, ಅಂದಳು, ಸುಳ್ಳಲ್ಲ. ನಾ ಹೇಳಿಲ್ಲೇನು, ಆ ಮುದುಕ ಜಗ್ಗಿ ಕೆಡಿಸ್ಯಾನ, ಅಂದ ಅವನು, ಯಾರೋ ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆ ಬೆಳಗಿನ ನಗುವಿನ ಹಾಗೆಯೇ ಇತ್ತು, ಹಿತವಾಗಲಿಲ್ಲ. ಏಣಿಯ ಮೇಲೇ ಕೂತು ನೀಲಕಂಠನಿಗೆ ಫೋನು ಹಚ್ಚಿದಳು. ಬಸ್ಸಿನಾಗ ಇದ್ದೀನವ್ವ, ಹೊಳಿ ದಾಟೀವಿ, ನಾಕನೇದು ನಿಂತತೇನು, ಮುದುಕನ ದನಿ, ಅವನು ಕೇಳಿದ್ದು ಅದೊಂದೇ. ನಿಂತದ ಕಾಕಾ, ನೀವಂದಿದ್ದ ಖರೆ, ಮೈಕಿನ ವೈರ್. ಹಂಗ ಅನ್ನು, ಯಾವನೋ ಅಡ್ನಾಡಿ ಹಾಕಿರಬೇಕು, ನೀ ಮನಸಿಗೆ ಹಚ್ಕೋಬ್ಯಾಡ. ಅಡ್ನಾಡಿ. ಅವಳು ದಿನಕ್ಕೆ ಹತ್ತು ಮಂದಿಗೆ ಮನಸ್ಸಿನಲ್ಲೇ ಹಂಚುವ ಬೈಗುಳ, ಅವನ ಬಾಯಲ್ಲಿ ಎಷ್ಟು ಮೆತ್ತಗಿತ್ತು. ನಾನ ಕಾಕಾ, ಲೈಟ್ ಅಂತ ಚೀಟಿ ಹಚ್ಚಿದಾಕಿ ನಾನ. ಬಸ್ಸಿನ ಸದ್ದು, ಕಂಡಕ್ಟರನ ಸೀಟಿ, ಆಮೇಲೆ ಮುದುಕ ಅಂದ, ನನಗ್ಯಾಕ ಹೇಳ್ತಿ ತಂಗಿ, ಅಲ್ಲಿ ಹೇಳು.

ಇಳಿದಳು, ಒಂದೊಂದೇ ಮೆಟ್ಟಿಲು, ಹದಿನೈದು ಮುಖ, ಇವರಿಗೇನು ಹೇಳುವುದು, ಇವರೇನು ತಿಳಿದುಕೊಂಡಾರು, ಬಯ್ಯಲು ಮಾತು ಹುಡುಕಿದಳು, ಒಂದೂ ಸಿಗಲಿಲ್ಲ, ವೈರಿನ ತುದಿಯನ್ನು ಶಿವಶರಣನ ಮುಂದೆ ಹಿಡಿದಳು. ಅವನು ಓದಿದ, ಲೈಟ್. ಏನ್ರಿ ಇದು? ಇದು ಮೈಕಿನ ವೈರ್ರಿ, ಅಕ್ಷರ ನನ್ನದು, ಅಂದಳು, ಕಾಕಾಂದು ಏನೂ ತಪ್ಪಿಲ್ಲ, ಅವರನ್ನ ಕರಸ್ರಿ. ಶಿವಶರಣ ಇನ್ನೊಮ್ಮೆ ಓದಿದ, ಅವಳ ಒಳಗಿನ ಬೈಗುಳವೂ ನಿಂತಿತ್ತು, ಬಿಳಿ ಪಟ್ಟಿ, ನೀಲಿ ಶಾಯಿ, ಲೈಟ್, ಆ ಉದ್ದನೆಯ ಬಾಲ — ಲೈಟ್ —