ಹದಿನೇಳನೇ ನಂಬರಿನವರು

ಹದಿನೇಳನೇ ನಂಬರಿನವರು ಇನ್ನೂ ಆರನೇ ಪಾಠದಲ್ಲೇ ಇದ್ದರು. ಪರದೆಯ ಮೇಲೆ ಅವರ ಹಸಿರು ಚುಕ್ಕೆ ಕದಲಿರಲಿಲ್ಲ. ಗುರುದೇವಿ ಮೌಸಿನ ಮೇಲಿಟ್ಟ ಕೈ ತೆಗೆಯದೆ ಅದನ್ನೇ ನೋಡುತ್ತ ಕೂತಿದ್ದಳು. ಆರನೇ ಪಾಠ ಉದ್ದವಿದೆ. ಪಟ್ಟಿ ಮಾಡುವುದು, ಪಟ್ಟಿಯಲ್ಲಿ ಗುರುತು ಹಾಕುವುದು, ಹಾಕಿದ್ದನ್ನು ತೆಗೆಯುವುದು. ನಿಧಾನದ ಮನುಷ್ಯ ಬೇರೆ. ಇನ್ನೂ ಕಾಲು ಗಂಟೆಯಾದರೂ ಬೇಕು.

ಹದಿನೇಳನೇ ನಂಬರಿನವರೆಂದರೆ ಅವಳ ಗಂಡ ಮಲ್ಲಪ್ಪ.

ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಮೂರನೇ ಮಹಡಿಯ ಈ ಕಚೇರಿಯಲ್ಲಿ ಅವಳು ಎರಡು ವರ್ಷದಿಂದ ಪಠ್ಯಪುಸ್ತಕ ಬರೆಯುತ್ತಿದ್ದಾಳೆ. ಕಾಗದದ್ದಲ್ಲ. ಟಿಪ್ಪಣಿ ಬರೆದಿಡುವ ಒಂದು ಆ್ಯಪ್ ಇದೆ. ಅದನ್ನು ಬಳಸಲು ಬಾರದವರಿಗೆ ಕಲಿಸುವ ಡಿಜಿಟಲ್ ಪುಸ್ತಕ. ಓದುವವರು ಅದರಲ್ಲಿ ಒತ್ತಬಹುದು, ಎಳೆಯಬಹುದು, ಉತ್ತರ ಬರೆಯಬಹುದು. ಸರಿಯಾದರೆ ಪುಸ್ತಕ ಶಭಾಷ್ ಅನ್ನುತ್ತದೆ. ನೆನಪಿಡಲು ಒಂದು ಯಂತ್ರ, ಯಂತ್ರವನ್ನು ಕಲಿಸಲು ಒಂದು ಪುಸ್ತಕ, ಪುಸ್ತಕ ಬರೆಯಲು ಗದಗಿನ ಕಾಲೇಜಿನಲ್ಲಿ ಒಂಬತ್ತು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದ ಒಬ್ಬ ಹೆಂಗಸು. ಇದರಲ್ಲಿ ನಗುವಂಥದ್ದೇನೋ ಇದೆ ಎಂದು ಅವಳಿಗೆ ಆಗಾಗ ಅನ್ನಿಸುತ್ತದೆ. ನಗು ಬರುವುದಿಲ್ಲ.

ಇವತ್ತು ಪುಸ್ತಕಕ್ಕೇ ಪರೀಕ್ಷೆ. ಹೊರಗಿನ ಇಪ್ಪತ್ತೆರಡು ಮಂದಿ ತಮ್ಮ ತಮ್ಮ ಜಾಗದಲ್ಲೇ ಕೂತು ಓದುತ್ತಿದ್ದಾರೆ. ಯಾರು ಯಾವ ಪುಟದಲ್ಲಿದ್ದಾರೆ, ಎಷ್ಟು ಹೊತ್ತು ಇದ್ದರು, ಎಲ್ಲ ಇಲ್ಲಿ ಕಾಣುತ್ತದೆ. ಕಚೇರಿಯ ಪ್ರತಿಯೊಬ್ಬರೂ ಪರಿಚಯದವರಲ್ಲಿ ಇಬ್ಬರನ್ನು ಕರೆತರಬೇಕೆಂದು ಹೇಳಿದ್ದರು. ಹನ್ನೆರಡು ವರ್ಷದಿಂದ ಈ ಊರಲ್ಲಿರುವ ಗುರುದೇವಿಗೆ ಇಬ್ಬರು ಸಿಗಲಿಲ್ಲ. ಒಬ್ಬ ಸಿಕ್ಕಿದ, ಮನೆಯಲ್ಲೇ.

ಅರ್ಧ ಗಂಟೆಯ ಹಿಂದೆ ಇಕ್ರಾ ಬಂದು ಮಾತಾಡದಿದ್ದರೆ ಇದೂ ಒಂದು ಸೋಮವಾರವಾಗಿ ಮುಗಿಯುತ್ತಿತ್ತು. ಇಕ್ರಾ ಬೆನ್ಸನ್ ಟೌನಿನ ಹುಡುಗಿ. ಗುರುದೇವಿ ಬರೆದದ್ದನ್ನು ಒತ್ತುವ, ತೆರೆಯುವ ಪುಟಗಳಾಗಿ ಕಟ್ಟುವವಳು.

"ಮ್ಯಾಮ್, ಸೆವೆಂತ್ ಲೆಸನ್ ಸಖತ್ತಾಗಿ ಹೋಗ್ತಾ ಇದೆ. ಎಲ್ರೂ ಅಲ್ಲೇ ನಿಲ್ತಾ ಇದಾರೆ. ಆ ಹಾಸ್ಪಿಟಲ್ ನೋಟ್ ಎಷ್ಟ್ ಚೆನ್ನಾಗ್ ಬರ್ದಿದೀರಾ."

"ಯಾವ ನೋಟು?"

"ಅದೇ ಮ್ಯಾಮ್, ಕೊನೇಲಿ ಸಣ್ಣ ಟ್ರಯಾಂಗಲ್ ಒತ್ತಿದ್ರೆ ಓಪನ್ ಆಗತ್ತಲ್ಲ. ನಾನು ಅದ್ರ ಮೇಲೇನೆ ಎಕ್ಸರ್ಸೈಸ್ ಹಾಕಿದೀನಿ."

ಗುರುದೇವಿ ಏಳನೇ ಪಾಠ ತೆರೆದು ಆ ತ್ರಿಕೋನವನ್ನು ಒತ್ತಿದಳು.

'ಇವತ್ತು ಸಂಜೆ ಮನೆಗೆ ಕಳಿಸುತ್ತೇವೆ ಎಂದು ಆಸ್ಪತ್ರೆಯಿಂದ ಫೋನು. ಬಹಳ ಸಂತೋಷ ಅಂದೆ. ಬಾಯಿ ಅಂದಿತು. ಬೇರೆ ಸುದ್ದಿ ಬಂದರೆ ಹೇಗೆ ಅಳಬೇಕು ಎಂದು ಮೊನ್ನೆ ಕನ್ನಡಿ ಮುಂದೆ ನಿಂತು ನೋಡಿಕೊಂಡಿದ್ದೆ. ಅಳು ಬರಲಿಲ್ಲ. ಹತ್ತು ದಿನ ಈ ಮನೆ ನನ್ನೊಬ್ಬಳದಾಗಿತ್ತು. ಹೊಟ್ಟೆ ತುಂಬ ಉಂಡೆ. ಮೈಮರೆತು ಮಲಗಿದೆ. ಅವರ ದಿಂಬನ್ನು ಬಾಲ್ಕನಿಗೆ ಹಾಕಿದ್ದೆ, ಒಳಗೆ ತರಬೇಕು. ಅವರು ಬರದೇ ಇದ್ದರೆ ಎಂದು ಎಷ್ಟು ಸಲ ಅಂದುಕೊಂಡೆನೋ.'

ಇದನ್ನು ಅವಳು ಪುಸ್ತಕಕ್ಕೆಂದು ಬರೆದಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಮೇ ತಿಂಗಳಲ್ಲಿ, ಕೊರೊನಾದಲ್ಲಿ ಊರೆಲ್ಲ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ಮಲ್ಲಪ್ಪ ಆಸ್ಪತ್ರೆಯಲ್ಲಿದ್ದಾಗ, ತನ್ನ ಫೋನಿನಲ್ಲಿ ತನಗಾಗಿ ಬರೆದುಕೊಂಡದ್ದು. ಪುಸ್ತಕದ ಉದಾಹರಣೆಗಳು ನಿಜವಾದ ಬದುಕಿನ ಹಾಗೆ ಕಾಣಬೇಕೆಂಬುದು ಇಲ್ಲಿಯ ನಿಯಮ. ಅದಕ್ಕೆಂದೇ ಅವಳು ವೈಷ್ಣವಿ ಎಂಬ ಕಲ್ಪನೆಯ ಗೃಹಿಣಿಯೊಬ್ಬಳನ್ನು ಹುಟ್ಟಿಸಿದ್ದಳು. ವೈಷ್ಣವಿಗೆ ಬದುಕು ಕೊಡಲು ಪುರುಸೊತ್ತಾಗದ ಒಂದು ಸಂಜೆ, ಆಸ್ಪತ್ರೆಯ ದಿನಗಳ ತನ್ನ ಟಿಪ್ಪಣಿಯನ್ನೇ ಪೂರ್ತಿ ನಕಲು ಮಾಡಿ ಹಾಕಿದಳು. ಮಾತ್ರೆಯ ಹೊತ್ತು, ಆಮ್ಲಜನಕದ ಅಂಕಿ, ಡಾಕ್ಟರ ಹೆಸರು. ಹೆಸರುಗಳನ್ನೆಲ್ಲ ಬದಲಾಯಿಸಿದಳು. ಕೊನೆಯಲ್ಲಿ, ಆ ತ್ರಿಕೋನದ ಹಿಂದೆ, ಒಂದು ಮಡಚಿದ ಸಾಲಿತ್ತು. ಅದನ್ನು ಬಿಡಿಸಿ ನೋಡಲಿಲ್ಲ.

'ಮಡಚಿದ್ದನ್ನು ನಕಲು ಮಾಡಿದರೆ ಒಳಗಿರುವುದೂ ಜೊತೆಗೇ ಬರುತ್ತದೆ, ಎಚ್ಚರ.' ಏಳನೇ ಪಾಠದ ಈ ವಾಕ್ಯವನ್ನು ಬರೆದವಳೂ ಅವಳೇ.

ಸಕ್ಲೇನ್ ಈ ಪುಸ್ತಕದ ಉಸ್ತುವಾರಿ. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಮಾತಾಡುವಾಗಲೂ ಟೈಪ್ ಮಾಡುತ್ತಿರುತ್ತಾನೆ. ಅವಳು ಹೋಗಿ ಅವನ ಮೇಜಿನ ಪಕ್ಕ ನಿಂತಳು.

"ಏಳನೇ ಪಾಠದಲ್ಲಿ ಒಂದು ನೋಟ್ ತೆಗೀಬೇಕಿತ್ತು."

"ಯಾವ್ದು ಮೇಡಂ, ಹಾಸ್ಪಿಟಲ್ದಾ? ಅದೇ ಬೆಸ್ಟ್ ಇದೆಯಲ್ಲ."

"ಅದು ಸ್ವಲ್ಪ ಸರಿ ಇಲ್ಲ."

"ಪೈಲಟ್ ಟೆಸ್ಟ್ ಮಧ್ಯದಲ್ಲಿ ಪೇಜ್ ಚೇಂಜ್ ಮಾಡಿದ್ರೆ ಡೇಟಾ ಎಲ್ಲಾ ಹಾಳಾಗತ್ತೆ. ಏನ್ ಸರಿ ಇಲ್ಲ ಅಂತ ಹೇಳಿ, ಸ್ಟ್ರಾಂಗ್ ರೀಸನ್ ಇದ್ರೆ ಈಗ್ಲೇ ತೆಗ್ಸಿಬಿಡ್ತೀನಿ."

ಹೇಳಬೇಕಾದದ್ದು ಎರಡೇ ಮಾತು. ಅದು ನನ್ನದು. ಹೇಳಿದರೆ ಮಲ್ಲಪ್ಪ ಓದುವುದಿಲ್ಲ. ಸಕ್ಲೇನ್ ಇನ್ನೊಮ್ಮೆ ಓದುತ್ತಾನೆ. ಇಕ್ರಾ ಓದುತ್ತಾಳೆ. ನಾಳೆಯಿಂದ ಇಬ್ಬರೂ ಅವಳ ಡಬ್ಬಿಯ ಕಡೆ ನೋಡುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾಳಾ ಎಂದು.

"ಭಾಷೆ ಒಂಚೂರು ತಿದ್ದೋಣ ಅಂತಿದ್ದೆ. ಆಮೇಲೆ ನೋಡಿದ್ರೂ ಆಗುತ್ತೆ," ಅಂದಳು.

ಮೆಟ್ಟಿಲ ಹತ್ತಿರ ನಿಂತು ಮನೆಗೆ ಫೋನು ಮಾಡಿದಳು. ಮೆಟ್ರೊ ರೈಲೊಂದು ಕಿಟಕಿಯ ಮಟ್ಟಕ್ಕೇ ಹಾದುಹೋಯಿತು. ಅದರ ಸದ್ದು ಮುಗಿದ ಮೇಲೆ ಕೇಳಿದಳು.

"ಏನ್ ಮಾಡಾಕತ್ತೀರಿ?"

"ನಿನ್ನ ಪುಸ್ತಕಾನ ಓದಾಕತ್ತೇನಿ. ಆರನೇದು ಮುಗೀಲಿಕ್ಕೆ ಬಂತು."

"ಏಳನೇದು ಬ್ಯಾಡ್ರಿ. ಅದರಾಗ ಏನೋ ತಪ್ಪು ಆಗೇತಿ. ಅದನ್ನ ಬಿಟ್ಟು ಮುಂದ ಹೋಗ್ರಿ."

"ತಪ್ಪಿದ್ರ ಇರಲಿ ತಗೋ. ನಾನ ಹುಡುಕಿ ಹೇಳ್ತೀನಿ. ನನ್ನ ಕೆಲಸ ಅದ ಅಲ್ಲೇನು?"

ಅವನ ಕೆಲಸ ಅದೇ. ಶಿವಾಜಿನಗರದ ಒಂದು ವಿಮಾ ಕಚೇರಿಯಲ್ಲಿ ಸತ್ತವರ ಕಾಗದಪತ್ರ ತಾಳೆ ನೋಡುವುದು. ಒಂದು ತಾರೀಖು ಹೊಂದದಿದ್ದರೆ ಸತ್ತವರನ್ನು ಸತ್ತಿಲ್ಲವೆಂದು ವಾಪಸು ಕಳಿಸುತ್ತಾನೆ. ಇವತ್ತು ಹೆಂಡತಿಯ ಪುಸ್ತಕಕ್ಕೆಂದೇ ರಜೆ ಹಾಕಿದ್ದ.

"ಬಿಸಿಲ ಭಾಳ ಐತಿ, ನೀರು ಕುಡೀರಿ," ಎಂದು ಹೇಳಿ ಅವಳು ಫೋನಿಟ್ಟಳು. ಅದೇಕೆ ಹೇಳಿದೆನೆಂದು ಅವಳಿಗೇ ತಿಳಿಯಲಿಲ್ಲ.

ವಾಪಸು ಬಂದು ಕೂರುವಷ್ಟರಲ್ಲಿ ಚುಕ್ಕೆ ಏಳಕ್ಕೆ ಬಂದಿತ್ತು.

ಇಕ್ರಾ ಕೊಟ್ಟ ಅಭ್ಯಾಸ ಸರಳವಾಗಿತ್ತು: ವೈಷ್ಣವಿಯ ಈ ಟಿಪ್ಪಣಿಯನ್ನು ಒಂದು ಸಾಲಿಗೆ ಇಳಿಸಿ. ಆಗಲೇ ಮುಗಿಸಿದವರ ಉತ್ತರಗಳು ಸಾಲಾಗಿ ಕೂತಿದ್ದವು. 'ಗಂಡ ಗುಣವಾಗಿ ಬರುತ್ತಿದ್ದಾರೆ.' 'ದಿಂಬು ಒಳಗೆ ತರಬೇಕು.' 'ಈಕೆಗೆ ಕೌನ್ಸೆಲಿಂಗ್ ಬೇಕು.' ಒಬ್ಬರು ಬರೀ 'ಇತರೆ' ಎಂದು ಬರೆದಿದ್ದರು. ಇನ್ನೊಬ್ಬರು, ಇಂಥ ಹೆಂಗಸರು ಇರುವುದಿಲ್ಲ, ಉದಾಹರಣೆ ಸಹಜವಾಗಿಲ್ಲ ಎಂದು ದೂರಿದ್ದರು. ಪುಸ್ತಕ ದಿಂಬಿನವರಿಗೆ ಶಭಾಷ್ ಎಂದಿತ್ತು.

ಉಳಿದವರೆಲ್ಲ ಆ ಪುಟದಲ್ಲಿ ನಾಲ್ಕೈದು ನಿಮಿಷ ನಿಂತಿದ್ದರು. ಹದಿನೇಳನೇ ನಂಬರಿಗೆ ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು.

ಮಲ್ಲಪ್ಪ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ದನಿ ಎತ್ತಿದವನಲ್ಲ, ಕುಡಿಯುವವನಲ್ಲ. ಅದೇ ತೊಂದರೆ. ಯಾರ ಹತ್ತಿರ ಹೇಳಿಕೊಳ್ಳೋಣವೆಂದರೂ ಅವಳಲ್ಲಿ ಒಂದು ದೂರಿರಲಿಲ್ಲ. ಇಪ್ಪತ್ತು ವರ್ಷ ಊಟ ಆಯಿತೇ, ಗ್ಯಾಸು ಬಂತೇ, ಬಾಗಿಲು ಹಾಕಿದೆಯಾ ಎಂದು ಕೇಳಿಕೊಂಡೇ ಕಳೆದಿದ್ದರು. ಆಸ್ಪತ್ರೆಯಿಂದ ಬಂದ ಸಂಜೆ ಅವನು ದಿಂಬಿಗೆ ಮುಖವಿಟ್ಟು, ಬಿಸಲಿನ ವಾಸನಿ ಐತಿ ಅಂದಿದ್ದ. ಎಷ್ಟೋ ದಿನಕ್ಕೆ ತನಗೊಬ್ಬರು ಏನೋ ಮಾಡಿಟ್ಟಿದ್ದಾರೆಂಬ ಸಮಾಧಾನದಿಂದ ನಿದ್ದೆ ಹೋಗಿದ್ದ. ಈಗ ಆ ದಿಂಬು ಅವನ ಕಣ್ಣ ಮುಂದೆ, ಅಕ್ಷರದಲ್ಲಿ.

ಅವಳಿಗೆ ನಾಚಿಕೆಯಾಯಿತು. ಭಯವಾಯಿತು. ಜೊತೆಗೆ ಇನ್ನೊಂದೂ ಆಯಿತು. ಅದಕ್ಕೆ ಅವಳು ಸಿದ್ಧಳಾಗಿರಲಿಲ್ಲ. ಓದಲಿ, ಎಲ್ಲ ಓದಲಿ, ಒಂದು ಸಲ ಬೈಯಲಿ ಎಂಬ ಆಸೆ. ಬೈದರೆ ತಾನೂ ಏನಾದರೂ ಹೇಳಬಹುದು.

ಇಕ್ರಾ ಡಬ್ಬಿ ತೆರೆದು ಕರೆದಳು. ಹಸಿವಿಲ್ಲ ಎಂದಳು ಗುರುದೇವಿ.

ನಲವತ್ತಮೂರನೇ ನಿಮಿಷಕ್ಕೆ ಉತ್ತರ ಬಂತು. ಇಕ್ರಾ ಅದನ್ನು ಮೊದಲು ಓದಿ ತಲೆ ಕೆರೆದುಕೊಂಡಳು.

"ಮ್ಯಾಮ್, ಸೆವೆಂಟೀನ್ ಏನೇನೋ ಬರ್ದಿದಾರೆ. ಇದನ್ನ ಸಿಸ್ಟಮ್ ಚೆಕ್ ಮಾಡ್ತಾ ಇಲ್ಲ. ನೀವೇ ಸರಿ, ತಪ್ಪು ಹಾಕ್ಬೇಕು."

ಗುರುದೇವಿ ಪರದೆಗೆ ಬಗ್ಗಿದಳು.

'ತಪ್ಪು ಇದೆ. ಹತ್ತು ದಿನ ಅಲ್ಲ. ಹನ್ನೊಂದು ದಿನ.'

ಅಷ್ಟೇ ಇತ್ತು. ಅವಳು ಮತ್ತೊಮ್ಮೆ ಓದಿದಳು. ಮೇ ನಾಲ್ಕಕ್ಕೆ ಆಂಬುಲೆನ್ಸ್ ಬಂದದ್ದು. ಹದಿನೈದರ ಸಂಜೆ ಅವನು ಮನೆಗೆ ಬಂದದ್ದು. ಮೇಜಿನ ಕೆಳಗೆ ಬೆರಳು ಮಡಚಿ ಎಣಿಸಿದಳು. ಹನ್ನೊಂದು. ಅಲ್ಲಿ ಮಲಗಿ ಎಣಿಸಿದವನ ಲೆಕ್ಕ ಸರಿಯಿತ್ತು. ಇಲ್ಲಿ ಉಂಡು ಮಲಗಿದವಳಿಗೆ ಒಂದು ದಿನ ಕಡಿಮೆ ಬಿದ್ದಿತ್ತು.

"ಝೀರೊ ಹಾಕ್ಲಾ ಮ್ಯಾಮ್?"

"ಬೇಡ," ಅಂದಳು. "ಸರಿ ಇದೆ."

ಅವಳೇ 'ಸರಿ' ಒತ್ತಿದಳು. ಶಿವಾಜಿನಗರಕ್ಕೆ ಹೋಗದೆ ಮನೆಯಲ್ಲಿ ಕೂತಿದ್ದ ಮಲ್ಲಪ್ಪನಿಗೆ ಪುಸ್ತಕ ಶಭಾಷ್ ಎಂದಿತು.

ಸಂಜೆ ಬೈಯಪ್ಪನಹಳ್ಳಿಯಲ್ಲಿ ಇಳಿದು ಹತ್ತು ನಿಮಿಷದ ದಾರಿಯನ್ನು ಅರ್ಧ ಗಂಟೆ ನಡೆದಳು. ಮನೆಯಲ್ಲಿದ್ದರೂ ಕೊತ್ತಂಬರಿ ಕೊಂಡಳು. ಬಾಗಿಲನ್ನು ಮಲ್ಲಪ್ಪ ತೆರೆದ. ಮುಖ ಬೆಳಿಗ್ಗೆಯ ಮುಖವೇ.

"ಬಂದಿ?"

"ಹೂಂ. ಚಹಾ ಮಾಡ್ಲೇನ್ರಿ?"

"ಮಾಡೇನಿ. ನಿಂದು ಫ್ಲಾಸ್ಕಿನಾಗ ಐತಿ."

ಇಪ್ಪತ್ತು ವರ್ಷದಲ್ಲಿ ಅವನು ಅವಳಿಗೆ ಚಹಾ ಮಾಡಿಟ್ಟಿರಲಿಲ್ಲ. ಲೋಟಕ್ಕೆ ಬಗ್ಗಿಸಿ ಕುಡಿದಳು. ಸಕ್ಕರೆ ಅವಳಿಗೆ ಬೇಕಾದಷ್ಟೇ ಇತ್ತು. ಇದು ಕ್ಷಮೆಯೋ, ಇನ್ನು ಮೇಲೆ ನನ್ನದನ್ನು ನಾನು ನೋಡಿಕೊಳ್ಳುತ್ತೇನೆ ಎಂಬ ಸೂಚನೆಯೋ ಗೊತ್ತಾಗಲಿಲ್ಲ. ಅವಳಿಗೆ ಅಳು ಬಂದ ಹಾಗಾಯಿತು, ಬರಲಿಲ್ಲ.

"ಪುಸ್ತಕ ಹೆಂಗೈತ್ರಿ?"

"ಚಲೋ ಐತಿ. ಒಂದ ತಪ್ಪಿತ್ತು. ಬರದೇನಿ."

"ನೋಡಿದೆ."

"ಸರಿ ಅಲ್ಲೇನು?"

"ಸರಿ ಐತ್ರಿ."

ಅವನು ತಲೆಯಾಡಿಸಿದ. ಇನ್ನೇನಾದರೂ ಅನ್ನುತ್ತಾನೆಂದು ಅವಳು ಲೋಟ ಹಿಡಿದು ನಿಂತಳು. "ಎಂಟನೇದು ಉಳದೈತಿ," ಎಂದು ಅವನು ಫೋನು ತೆಗೆದುಕೊಂಡು ಒಳಕೋಣೆಗೆ ಹೋದ. ಬಾಗಿಲನ್ನು ಅರ್ಧ ಮುಂದೆ ಮಾಡಿಕೊಂಡ.

ಎಂಟನೆಯದು ಕೊನೆಯ ಪಾಠ: ನಿಮ್ಮ ಹತ್ತಿರದವರೊಬ್ಬರ ಜೊತೆ ಒಂದು ಪುಟ ಹಂಚಿಕೊಳ್ಳಿ. ಅಡುಗೆಮನೆಯಲ್ಲಿ ಕೂತು ಕೊತ್ತಂಬರಿ ಬಿಡಿಸುತ್ತಿದ್ದಾಗ ಅವಳ ಫೋನು ಸದ್ದು ಮಾಡಿತು. 'ಮಲ್ಲಪ್ಪ ನಿಮ್ಮೊಂದಿಗೆ ಒಂದು ಪುಟ ಹಂಚಿಕೊಂಡಿದ್ದಾರೆ.'

ಕೈ ಒರೆಸಿಕೊಂಡು ತೆರೆದಳು. ಪುಟಕ್ಕೆ ಶೀರ್ಷಿಕೆಯಿರಲಿಲ್ಲ. ಒಳಗೂ ಏನಿರಲಿಲ್ಲ. ಮೇಲೆ ಎಡಕ್ಕೆ ಒಂದು ಹಸಿರು ಗೆರೆ ಮಿನುಗುತ್ತಿತ್ತು, ತಲೆಯ ಮೇಲೆ ಅವನ ಹೆಸರು ಹೊತ್ತು. ಅವನೀಗ ಅಲ್ಲೇ ಇದ್ದಾನೆ ಎಂದು ಅರ್ಥ. ಅವಳು ಬೆರಳಿಟ್ಟಳು. ಅದರ ಕೆಳಗೆ ಅವಳ ಹೆಸರಿನ ಕೆಂಪು ಗೆರೆ ಮೂಡಿ ಮಿನುಗತೊಡಗಿತು.

ಒಳಕೋಣೆಯಲ್ಲಿ ಅವನು ಗಂಟಲು ಸರಿ ಮಾಡಿಕೊಂಡದ್ದು ಕೇಳಿಸಿತು. ಹಸಿರು ಗೆರೆ ಒಂದು ಅಕ್ಷರದಷ್ಟು ಮುಂದೆ ಹೋಯಿತು. ಏನೆಂದು ಓದುವ ಮೊದಲೇ ಹಿಂದೆ ಬಂತು. ಅವಳು ಒಂದು ಅಕ್ಷರ ಒತ್ತಿದಳು, ಅಳಿಸಿದಳು. ಎರಡು ಗೆರೆಗಳೂ ಒಂದರ ಕೆಳಗೊಂದು ಆರುತ್ತ ಹೊತ್ತುತ್ತ ನಿಂತವು. ಹೊರಗೆ ಕತ್ತಲಾಗುತ್ತಿತ್ತು. ಇಬ್ಬರೂ ದೀಪ ಹಾಕಲು ಏಳಲಿಲ್ಲ.

ಪುಟದ ತಳದಲ್ಲಿ ಸಣ್ಣಕ್ಷರದ ಒಂದು ಸಾಲು ತಾನಾಗಿ ಕಾಣಿಸಿಕೊಂಡಿತು: ಎಲ್ಲ ಬದಲಾವಣೆಗಳನ್ನು ಉಳಿಸಲಾಗಿದೆ.