ಮೊದಲ ಹಿಮಕ್ಕೆ ಸಾಲುವಷ್ಟು ಉದ್ದ

ನಾನು ಒಂದು ಕಬ್ಬಿಣದ ಕೊಳವೆ. ಒಂದೂವರೆ ಮೊಳ ಉದ್ದ, ಚೂಪು ತುದಿ, ಮೈಯುದ್ದಕ್ಕೂ ಸೀಳು, ಹಿಂದೆ ಮರದ ಹಿಡಿ. ಚೀಲಕ್ಕೆ ಚುಚ್ಚಿ ಒಳಗಿನ ಕಾಳು ತೆಗೆಯಲೆಂದು ಗದಗಿನ ಕಮ್ಮಾರ ಮೌನೇಶಪ್ಪ ನನ್ನನ್ನು ಬಡಿದು ರೂಪಿಸಿದ. ನೀರಿಗೆ ಅದ್ದುವ ಮುಂಚೆ ಕಣ್ಣು ಮುಚ್ಚಿ ಶಿವನನ್ನು ನೆನೆದ. ಆ ಕಾವು ನನ್ನೊಳಗೆ ಇನ್ನೂ ಆರಿಲ್ಲ.

ನನ್ನ ಮೊದಲ ಒಡೆಯ ಫಕೀರಪ್ಪ, ಮಾರುಕಟ್ಟೆಯಲ್ಲಿ ಕಾಳು ಪರೀಕ್ಷಿಸುವವನು. ಚೀಲದ ಬಾಯಲ್ಲಿ ಮುತ್ತಿನಂಥ ಜೋಳ ತುಂಬಿ ಒಳಗೆ ಹುಳುಕು ಇಡುವವರು ಆಗಲೂ ಇದ್ದರು. ಫಕೀರಪ್ಪ ಯಾರನ್ನೂ ಬಯ್ಯುತ್ತಿರಲಿಲ್ಲ. ನನ್ನನ್ನು ಚುಚ್ಚಿ, ಬಂದದ್ದನ್ನು ಅಂಗೈಗೆ ಸುರಿದು ತೋರಿಸುತ್ತಿದ್ದ, ಅಷ್ಟೆ. ಕೈ ನಡುಗತೊಡಗಿದಾಗ ಮಗ ನೀಲಪ್ಪನಿಗೆ ನನ್ನನ್ನು ಕೊಟ್ಟ. ನೀಲಪ್ಪ ಸೈನ್ಯದಲ್ಲಿದ್ದ; ಹಿಮಾಲಯದ ಒಂದು ಠಾಣೆಯಲ್ಲಿ ಅಕ್ಕಿ ಬೇಳೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ. ಹೀಗೆ ಜೋಳದ ಸೀಮೆಯ ನಾನು ಹಿಮದ ಸೀಮೆಗೆ ಹತ್ತಿದೆ.

ಆ ಕಾರ್ತಿಕದಲ್ಲಿ ಆರು ಜನ ರಜೆಗೆ ಇಳಿಯಬೇಕಿತ್ತು. ಅವರಲ್ಲೊಬ್ಬ ಗಂಗಾಧರ. ಹುಟ್ಟಿದ ಮಗಳ ಮುಖ ಅವನಿನ್ನೂ ನೋಡಿರಲಿಲ್ಲ. ಅಂದಿನಿಂದ ಐದನೆಯ ದಿನಕ್ಕೆ ಊರಲ್ಲಿ ತೊಟ್ಟಿಲ ಶಾಸ್ತ್ರ. ಎದುರಿನ ಇಳಿಜಾರು ದಾಟಿದರೆ ಅರ್ಧ ದಿನಕ್ಕೆ ರಸ್ತೆ, ಅಲ್ಲಿಂದ ಊರಿಗೆ ನಾಲ್ಕು ದಿನದ ಪ್ರಯಾಣ. ಗುಡ್ಡದ ಬೆನ್ನು ಹಿಡಿದು ಸುತ್ತಿದರೆ ರಸ್ತೆಗೇ ಎರಡು ದಿನ, ಶಾಸ್ತ್ರ ತಪ್ಪಿದಂತೆಯೇ. ಮೊದಲ ಹಿಮ ಬಿದ್ದು ಹದಿನೈದು ದಿನ ಒಣಚಳಿಯಲ್ಲಿ ಕೂತಿತ್ತು. ಅದರ ಮೇಲೆ ಹಿಂದಿನ ದಿನ ಗಾಳಿ ಹೊಸ ಹಿಮ ತಂದು ಒತ್ತಿತ್ತು.

“ಮಳಕಾಲ ಮಟಾ ಐತಿ. ಇದಕ್ಕ ಹಿಮಾ ಅಂತಾರೇನು? ನಡೀರಿ,” ಎಂದರು ಸುಬೇದಾರ್ ಪರಗೌಡರು.

ಬೀಳ್ಕೊಡಲು ಬಂದಿದ್ದ ನೀಲಪ್ಪನ ಸೊಂಟದಲ್ಲಿ ನಾನಿದ್ದೆ. ಅಪ್ಪನ ಕೈಯ ರೂಢಿ ಮಗನ ಕೈಗೂ ಬಂದಿತ್ತು. ಇಳಿಜಾರಿನ ಅಂಚಿನಲ್ಲಿ ನನ್ನನ್ನು ಚುಚ್ಚಿದ.

“ಏನಪಾ ನೀಲಪ್ಪ, ಹಿಮಾನೂ ಹರಾಜಿಗಿಟ್ಟಿ ಏನು?” ಸುಬೇದಾರರು ನಕ್ಕರು.

ಮೇಲೆ ಒಣಗಿದ ಖಡಕ್ ರೊಟ್ಟಿಯಂತೆ ಗಟ್ಟಿ. ಗೇಣು ದಾಟಿದೊಡನೆ ತಡೆಯೇ ಇಲ್ಲದೆ ನೆಲ ಮುಟ್ಟಿದೆ. ನೀಲಪ್ಪ ನನ್ನನ್ನು ತಿರುಗಿಸಿ ಎಳೆದು ಸುಬೇದಾರರ ಅಂಗೈಗೆ ಸುರಿದ. ದಪ್ಪ ರವೆಯಂಥ ಹರಳು.

“ಮುಷ್ಟಿ ಹಿಡೀರಿ ಸಾಹೇಬ್ರ.”

ಹಿಡಿದರು. ಉಂಡೆಯಾಗಲಿಲ್ಲ, ಬೆರಳ ಸಂದಿಯಿಂದ ಸೋರಿಹೋಯಿತು.

“ಬಾಯಾಗ ಗಟ್ಟಿ, ಹೊಟ್ಯಾಗ ಹುಡಿ. ಆರು ಮಂದಿ ಕಾಲಿಟ್ರ ಮ್ಯಾಲಿಂದು ಪೂರ್ತಿ ಜಾರತೈತಿ, ಕೆಳಗ ಹಿಡ್ಯಾಕ ಏನೂ ಇಲ್ರಿ.”

ಗಂಗಾಧರನ ಮುಖ ಕೆಂಪಾಯಿತು. “ನೀಲಪ್ಪಣ್ಣ, ನೀ ನಿನ್ನ ಬ್ಯಾಳಿ ಚೀಲಾ ನೋಡ್ಕೋ. ನನ್ನ ಮಗಳ ತೊಟ್ಲಾ ನೀ ತೂಗ್ತೀ ಏನು?”

“ನೀನ ತೂಗಬೇಕಂತನ ಹೇಳಾಕತ್ತೇನಿ, ತಮ್ಮಾ.”

ಸುಬೇದಾರರು ತಮ್ಮ ಖಾಲಿ ಅಂಗೈಯನ್ನು ನೋಡಿದರು. “ಗುಡ್ಡದ ಬೆನ್ನ ಮ್ಯಾಲಿಂದ ಹೋಗ್ರಿ,” ಅಂದರು.

ಮರುದಿನ ಮಧ್ಯಾಹ್ನ, ಯಾರೂ ಮುಟ್ಟದೆಯೇ, ಆ ಇಳಿಜಾರು ನಿಟ್ಟುಸಿರಿನಂಥ ಸದ್ದು ಮಾಡಿ, ಹಾಸಿದ ಚಾಪೆ ಎಳೆದಂತೆ ಪೂರ್ತಿ ಜಾರಿತು. ಹಿಮದ ಧೂಳು ಆಕಾಶ ಮುಚ್ಚಿತು. ಠಾಣೆಯ ಬಾಗಿಲಲ್ಲಿ ನೀಲಪ್ಪ ಎರಡೂ ಕೈಯಲ್ಲಿ ನನ್ನನ್ನು ಹಿಡಿದು ನಿಂತ. ಧೂಳು ಇಳಿದ ಮೇಲೆ, ದೂರ ಗುಡ್ಡದ ಬೆನ್ನಿನ ಮೇಲೆ ಕರಿ ಚುಕ್ಕೆಗಳು. ತುಟಿ ಅಲ್ಲಾಡಿಸುತ್ತ ಎಣಿಸಿದ. ಆರು.

ಗಂಗಾಧರ ಊರು ಮುಟ್ಟುವಷ್ಟರಲ್ಲಿ ಹೆಸರಿಟ್ಟಾಗಿತ್ತಂತೆ. ತೂಗುವುದು ಮಾತ್ರ ಉಳಿದಿತ್ತು. ರಜೆ ಮುಗಿಸಿ ಬಂದವನು ತೊಟ್ಟಿಲ ದಾರದ ಒಂದು ತುಂಡನ್ನು ನನ್ನ ಹಿಡಿಗೆ ಕಟ್ಟಿದ.

ಈಗ ನನಗೆ ವಯಸ್ಸಾಗಿದೆ. ನೀಲಪ್ಪ ನಿವೃತ್ತನಾಗಿ ಹೋಗುವಾಗ ನನ್ನನ್ನು ಇಲ್ಲೇ ಬಿಟ್ಟ. ಹಿಮ ಆಳವಾದ ಮೇಲೆ ನಾನು ಸಾಲುವುದಿಲ್ಲ. ಹಿಮಕ್ಕೆ ಚುಚ್ಚುವ ಉದ್ದನೆಯ ಕೋಲುಗಳು ಹೊರಡುತ್ತವೆ, ನಾನು ಉಗ್ರಾಣದ ಮೊಳೆಗೆ ತೂಗಿಕೊಂಡಿರುತ್ತೇನೆ. ಶಿವ ಕೊಟ್ಟ ಉದ್ದ ಇಷ್ಟೇ. ಮೊದಲ ಹಿಮಕ್ಕೆ ಸಾಕು. ಪ್ರತಿ ಕಾರ್ತಿಕದಲ್ಲಿ ಯಾರೋ ಹೊಸಬರು ನನ್ನನ್ನು ಇಳಿಸಿ, ಬಣ್ಣಗೆಟ್ಟ ದಾರ ನೋಡಿ, ಇದೇನು ಎಂದು ಕೇಳುತ್ತಾರೆ. ಹಳಬರು ಒಲೆಯ ಬಳಿ ಕೂರಿಸಿಕೊಂಡು ಕಥೆ ಶುರುಮಾಡುತ್ತಾರೆ. ಅದು ಮುಗಿಯುವ ತನಕ ಯಾರೂ ಇಳಿಜಾರಿಗೆ ಕಾಲಿಡುವುದಿಲ್ಲ.