ಇವರ ತಲೆಯ ಫಿಲ್ಮು

ಮಂತ್ರ ತಪ್ಪದವನಿಗೆ ಮರೆವೆಂಥದು ಎಂದು ಕೇಳಿದವನು ನನ್ನ ಮೈದುನ ವಸಿಷ್ಠ. ಅವನ ಬುದ್ಧಿಗಿಷ್ಟು ಬೆಂಕಿ ಹಾಕ! ತೊಂಬತ್ತೆಂಟನೇ ಇಸವಿಯ ಮಾತು. ನಮ್ಮ ಯಜಮಾನರು ಹೊಳೆನರಸೀಪುರದಲ್ಲಿ ನಮ್ಮ ಬೀದಿಯ ವೇಣುಗೋಪಾಲನ ಗುಡಿಗೆ ಅರ್ಚಕರು. ಪುರುಷಸೂಕ್ತದಲ್ಲಿ ಒಂದಕ್ಷರ ಜಾರುತ್ತಿರಲಿಲ್ಲ, ನಿಜ. ಆದರೆ ನೈವೇದ್ಯ ಮಾಡಿದ್ದು ಮರೆತು ಮತ್ತೆ ತಟ್ಟೆ ಕೇಳುತ್ತಿದ್ದರು. ಒಮ್ಮೆ ಉರಿಯುವ ಆರತಿಯನ್ನು ದೇವರ ಪಟ್ಟೆಪಂಚೆಯ ಪಕ್ಕದಲ್ಲೇ ಇಟ್ಟು ಮನೆಗೆ ಬಂದುಬಿಟ್ಟಿದ್ದರು. ನಾನೇ ಓಡಿಹೋಗಿ ಆರಿಸಿದೆ. ಎರಡು ವರ್ಷದಿಂದ ಹೀಗೇ, ಬರಬರುತ್ತಾ ಹೆಚ್ಚು. ಪೂಜೆ ಬಿಡಿಸಿ ಕಣ್ಣೆದುರು ಕೂರಿಸಿಕೊಳ್ಳಬೇಕು, ನನಗೆ ಬೇಕಾದದ್ದು ಅಷ್ಟೇ. ಆದರೆ ಅಣ್ಣ ಪೂಜೆ ಬಿಟ್ಟರೆ, ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ವಸಿಷ್ಠನೇ ಮುಂಜಾನೆ ಎದ್ದು ಗುಡಿಯ ಬಾಗಿಲು ತೆಗೆಯಬೇಕು.

"ಅರಳುಮರಳು ಅತ್ತಿಗೆ, ಯಾರಿಗಿರಲ್ಲ?" ಎನ್ನುತ್ತಿದ್ದ.

ಹಾಸನದ ಡಾಕ್ಟರ ಹತ್ತಿರ ಮೂವರೂ ಹೋದೆವು. ಪುಣ್ಯಾತ್ಮ, ಅವಸರ ಮಾಡದೆ ನನ್ನ ಮಾತೆಲ್ಲ ಕೇಳಿದರು.

"ಎಲ್ಲಾದ್ರೂ ಬಿದ್ದು ತಲೆಗೆ ಪೆಟ್ಟಾಗಿತ್ತಾ ಅಮ್ಮ? ತಲೆನೋವು, ಫಿಟ್ಸು? ನಡಿಗೆ ತಡವರಿಸುತ್ತಾ? ಇದ್ದಕ್ಕಿದ್ದ ಹಾಗೆ ಶುರುವಾಯ್ತಾ?"

ಯಾವುದೂ ಇಲ್ಲವೆಂದೆ. ರಕ್ತಪರೀಕ್ಷೆಯೂ ಸರಿಯಾಗಿತ್ತು.

"ಅಂಥದ್ದೇನಾದ್ರೂ ಇದ್ದಿದ್ರೆ ನಾನೇ ಸ್ಕ್ಯಾನ್ ಮಾಡ್ಸಿ ಅಂತಿದ್ದೆ. ಇವರಿಗೆ ಅದರಿಂದ ಹೊಸದೇನೂ ತಿಳಿಯಲ್ಲ. ಇದು ಮರೆವಿನ ಕಾಯಿಲೆ, ನೀವು ಹೇಳಿದ್ದರಲ್ಲೇ ಗೊತ್ತಾಯ್ತು. ಬೆಂಕಿ ಹತ್ರ ಬಿಡಬೇಡಿ."

"ಹೆಂಗಸರ ಮಾತಿನ ಮೇಲೆ ಕಾಯಿಲೆ ಅಂದ್ಬಿಟ್ರೆ ಆಯ್ತೇ ಸಾರ್? ಫೋಟೋ ತೆಗೆದು ತೋರಿಸಿ, ನಂಬ್ತೀನಿ" ಎಂದ ವಸಿಷ್ಠ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ, ಇವರನ್ನು ಮೈಸೂರಿಗೆ ಎಳೆದೊಯ್ದು ಸ್ಕ್ಯಾನ್ ಮಾಡಿಸಿಯೇ ಬಿಟ್ಟ. ಗಡ್ಡೆಯಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ವಯಸ್ಸಿಗೆ ತಕ್ಕಂತಿದೆ ಎಂದು ಬಂತು. ಫೋಟೋ ಚೆನ್ನಾಗಿದ್ದರೂ ಕಾಯಿಲೆ ಇರುತ್ತದೆ ಎಂದು ಹಾಸನದ ಡಾಕ್ಟರು ಬಡಕೊಂಡರು. ಕೇಳುವವರು ಯಾರು? ವಸಿಷ್ಠ ಬೀದಿಯಲ್ಲಿ ಫಿಲ್ಮನ್ನು ಬಿಸಿಲಿಗೆ ಹಿಡಿದು ಕಂಡವರಿಗೆಲ್ಲ ತೋರಿಸಿದ.

"ನೋಡಿ, ಅಣ್ಣನ ತಲೆಯಲ್ಲಿ ಏನೂ ಇಲ್ಲ. ಅತ್ತಿಗೆಗೇ ಭ್ರಮೆ!"

ನಾನು ಸುಳ್ಳಿಯಾದೆ. ಆ ರಾತ್ರಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಡಾಕ್ಟರ ಮಾತಿಗೆ ನಾನು ಎತ್ತಿಟ್ಟಿದ್ದ ಗುಡಿಯ ಬೀಗದಕೈ ಶನಿವಾರ ಮತ್ತೆ ಇವರ ಕೈಗೆ ಬಂತು. ದೀಪ, ಕರ್ಪೂರದ ಭಯಕ್ಕೆ ನಾನೂ ಹಿಂದೆಯೇ ಹೋಗಿ ಸಾಲಿನಲ್ಲಿ ನಿಂತೆ. ಪಕ್ಕದಲ್ಲಿ ವಸಿಷ್ಠ, ಗೆದ್ದವನ ಠೀವಿಯಲ್ಲಿ. ಇವರು ಅರ್ಚನೆಯ ತಟ್ಟೆ ಹಿಡಿದು ನನ್ನ ಮುಂದೆ ಬಂದರು.

"ಗೋತ್ರ?"

"ಭಾರದ್ವಾಜ" ಎಂದೆ.

"ಯಾರ ಹೆಸರಿಗೆ ಅರ್ಚನೆ ತಾಯಿ?"

ಮುಖ ನೋಡಿದೆ. ತಮಾಷೆಯಲ್ಲ. ಪರವೂರಿನವರನ್ನು ಕೇಳುವ ಮರ್ಯಾದೆ. ಮದುವೆಯಾದಾಗಿನಿಂದ ಗಂಡನ ಹೆಸರು ಹಿಡಿದವಳಲ್ಲ ನಾನು. ನನ್ನ ಅರ್ಚನೆಗೆ ಅದನ್ನು ಅವರೇ ಸೇರಿಸಿಕೊಳ್ಳುತ್ತಿದ್ದರು. ವಸಿಷ್ಠ ತಲೆ ತಗ್ಗಿಸಿದ.

"ಸಂಪತ್ಕುಮಾರ" ಎಂದೆ.

ಸಂಕಲ್ಪವನ್ನು ಒಂದಕ್ಷರ ತಪ್ಪದೆ ಹೇಳಿದರು. ತೀರ್ಥ ಕೊಟ್ಟು, ಮೆಲ್ಲಗೆ ಕೇಳಿದರು:

"ನಿಮ್ಮ ಯಜಮಾನರು ಬರಲಿಲ್ವೇ ತಾಯಿ?"